ಊರ್ಣಪ್ರೇಕ್ಷಕ ಲಕ್ಷಣ ಸಂಗ್ರಹ

ನಮ್ಮ ಹಿರಿಯರು ಆನೆಗೊಂದು ಶಾಸ್ತ್ರ ಬರೆದರು, ಕುದುರೆಗೊಂದು ಬರೆದರು, ಹಲ್ಲಿ ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲ ಎಂದು ಪಟ್ಟಿ ಮಾಡಿಟ್ಟರು. ಮೂರನೆಯ ಮಂಗರಸ ಪಲ್ಯ ಹುಳಿಗಳನ್ನೂ ಷಟ್ಪದಿಗೆ ಹೊಂದಿಸಿ ‘ಸೂಪಶಾಸ್ತ್ರ’ ಮಾಡಿದ. ಆದರೆ ಕುರಿಯ ಉಣ್ಣೆಯನ್ನು ನಾಲ್ಕು ಜನರ ಎದುರು ಕೂತು ನೂಲುವಾಗ ಎದುರಿಗೆ ನಿಲ್ಲುವ ಆ ನಾಲ್ಕು ಜನ ಇದ್ದಾರಲ್ಲ, ಅವರ ಬಗ್ಗೆ ಮಾತ್ರ ಯಾರೂ ಒಂದು ಗರಿಯನ್ನೂ ಗೀಚಿ ಹೋಗಿಲ್ಲ. ಆ ಕೊರತೆ ನೀಗುವುದು ಈ ಸಂಗ್ರಹದ ಉದ್ದೇಶ.

ಗ್ರಂಥಕರ್ತನ ಅರ್ಹತೆ ಏನೆಂದು ಕೇಳುವುದು ಶಾಸ್ತ್ರದ ಮರ್ಯಾದೆ. ಹೇಳುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಗಂಟಲು ಸುಮ್ಮನಿರುವುದಿಲ್ಲ. ನಮ್ಮ ಕಡೆಯ ಒಂದು ಮೇಳದಲ್ಲಿ ‘ಕುರಿಯಿಂದ ಕಂಬಳಿಯವರೆಗೆ’ ಎಂಬ ಮಳಿಗೆ ಹಾಕಿದ್ದರು. ನೂಲಲು ರಾಣೆಬೆನ್ನೂರಿನ ಕಡೆಯಿಂದ ಒಬ್ಬ ಅವ್ವನನ್ನು ಕರೆಸಿದ್ದರು, ವಿವರಿಸಲು ನನ್ನನ್ನು. ಹೀಗೆ ನಾಲ್ಕು ದಿನ ಅವಳು ಕೈ, ನಾನು ಬಾಯಿ. ಪ್ರದರ್ಶಕರಲ್ಲಿ ಇರುವುದು ಈ ಎರಡೇ ಜಾತಿ, ಮತ್ತು ಎಲ್ಲ ಮೇಳಗಳಲ್ಲೂ ಮೈಕನ್ನು ಬಾಯಿಗೇ ಕೊಡುತ್ತಾರೆ.

ಮೊದಲು ಪದನಿರ್ಣಯ. ಸಂಸ್ಕೃತದ ಊರ್ಣಾ ಪ್ರಾಕೃತದ ದಾರಿಯಲ್ಲಿ ಸವೆದು ಕನ್ನಡಕ್ಕೆ ಬರುವ ಹೊತ್ತಿಗೆ ಉಣ್ಣೆಯಾಯಿತು. ಆದರೆ ಕನ್ನಡದಲ್ಲಿ ಇನ್ನೊಂದು ಉಣ್ಣೆ ಆಗಲೇ ಮನೆ ಮಾಡಿಕೊಂಡಿತ್ತು. ದನಕುರಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ. ಒಂದು ಉಣ್ಣೆ ಕುರಿಯ ಮೈಮೇಲೆ ಬೆಳೆಯುತ್ತದೆ, ಇನ್ನೊಂದು ಕುರಿಯನ್ನು ತಿಂದು ಬೆಳೆಯುತ್ತದೆ. ಕತ್ತರಿ ಹಾಕಿದಾಗ ಎರಡೂ ಒಟ್ಟಿಗೇ ಬುಟ್ಟಿಗೆ ಬೀಳುತ್ತವೆ. ಇಂಥ ಶ್ಲೇಷೆಗಾಗಿ ಚಂಪೂ ಕವಿಗಳು ತಪಸ್ಸು ಮಾಡಬೇಕಿತ್ತು, ಕುರುಬರಿಗೆ ಅದು ವರ್ಷಕ್ಕೆರಡು ಸಲ ಪುಕ್ಕಟೆ ಸಿಗುತ್ತದೆ. ಇನ್ನು ಜೇಡಕ್ಕೆ ಸಂಸ್ಕೃತದಲ್ಲಿ ಊರ್ಣನಾಭ ಎಂದು ಹೆಸರು, ಹೊಕ್ಕುಳಲ್ಲೇ ಉಣ್ಣೆ ಇಟ್ಟುಕೊಂಡದ್ದು ಎಂದರ್ಥ. ಸಾರ್ವಜನಿಕವಾಗಿ ನೂತು ತೋರಿಸಿದ ಮೊದಲ ಪ್ರಾಣಿ ಅದೇ ಇರಬೇಕು. ಅದರ ಬಳಿ ಹೋದವರು ರೇಟು ಕೇಳಲು ವಾಪಸು ಬಂದಿಲ್ಲ.

ವರ್ಗೀಕರಣಕ್ಕೆ ಪೂರ್ವಾಚಾರ್ಯರು ಇಲ್ಲದೆ ಇಲ್ಲ. ಹಾಲುಮತದ ಕುರುಬರಲ್ಲಿ ಮದುವೆಯ ಕಂಕಣಕ್ಕೆ ಯಾವ ದಾರ ಎಂಬುದರ ಮೇಲೆ ಉಣ್ಣೆಕಂಕಣದವರು, ಹತ್ತಿಕಂಕಣದವರು ಎಂದು ಎರಡು ಪಂಗಡ. ಮಣಿಕಟ್ಟಿನ ಒಂದು ಎಳೆಯಿಂದ ಕುಲವನ್ನೇ ವಿಂಗಡಿಸಿದ ಈ ಮಿತವ್ಯಯದ ಮುಂದೆ ನಮ್ಮ ಗ್ರಂಥ ಏನೂ ಅಲ್ಲ. ಹನ್ನೆರಡನೆಯ ಶತಮಾನದ ಕದಿರ ರೆಮ್ಮವ್ವೆ ನೂಲುವುದೇ ಕಾಯಕವಾಗಿದ್ದ ಶರಣೆ. ತಾನು ತಿರುಗಿಸುವ ರಾಟೆಗೂ ಕುಲಗೋತ್ರ ಹೇಳಿ, ಅದರ ಭಾಗಗಳಲ್ಲಿ ದೇವರುಗಳನ್ನು ಕೂರಿಸಿದವಳು. ಅವಳು ರಾಟೆಯನ್ನು ವಿಂಗಡಿಸಿದಳು, ನಾನು ರಾಟೆಯ ಎದುರು ನಿಂತವರನ್ನು ವಿಂಗಡಿಸುತ್ತೇನೆ. ಎರಡರ ನಡುವೆ ಪ್ರತಿಭೆಯ ಅಂತರ ಇದೆ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳುತ್ತೇನೆ.

ಈಗ ನೋಡಲ್ಪಡುವ ವಸ್ತು. ಕತ್ತರಿಸಿ ತಂದ ದಖನಿ ಕುರಿಯ ಉಣ್ಣೆಯನ್ನು ಬಣ್ಣ ನೋಡಿ ಬೇರೆ ಮಾಡುತ್ತಾರೆ: ಕರಿ, ಬೂದು, ಬಿಳಿ. ಕರಿಗೇ ಮಾನ, ಏಕೆಂದರೆ ಬಣ್ಣ ಹಾಕುವ ಖರ್ಚನ್ನು ಕುರಿಯೇ ವಹಿಸಿಕೊಂಡಿರುತ್ತದೆ. ಆಮೇಲೆ ಹಿಕ್ಕೆ, ನೆಗ್ಗಿಲ ಮುಳ್ಳು, ಹುಲ್ಲಿನ ಕಡ್ಡಿ ಆರಿಸಿ, ಬೆರಳಲ್ಲಿ ಬಿಡಿಸಿ, ಬಿಲ್ಲಿಗೆ ಕೊಡುತ್ತಾರೆ. ಬಿಲ್ಲಿನ ನಾರಿ ಮೀಟಿದಾಗ ಉಣ್ಣೆ ಗಾಳಿಗೆ ಹಾರಿ ಮೋಡದ ಹಾಗೆ ಉಬ್ಬುತ್ತದೆ, ಧೂಳು ಕೆಳಗೆ ಉದುರುತ್ತದೆ, ಮೈಕು ಹಿಡಿದವನು ಕೆಮ್ಮುತ್ತಾನೆ. ಹಿಂಜಿದ್ದನ್ನು ಅಂಗೈಯಲ್ಲಿ ಉದ್ದಕ್ಕೆ ಸುತ್ತಿದರೆ ಹಂಜಿ. ಹಂಜಿಯಿಂದ ನೂಲು. ಹಾಸುನೂಲಿಗೆ ಹುಣಸೆ ಬೀಜ ಬೇಯಿಸಿ ಅರೆದ ಗಂಜಿ ಬಳಿದು ಬಿಸಿಲಿಗೆ ಒಣಗಿಸಿ ಮಗ್ಗಕ್ಕೆ ಏರಿಸುತ್ತಾರೆ. ಮನೆಯಲ್ಲಿ ನೂಲುವುದು ಹೆಂಗಸರ ಪಾಲು, ನೇಯುವುದು ಗಂಡಸರ ಪಾಲು ಎಂಬುದು ಹಳೆಯ ರೂಢಿ. ಮೇಳದಲ್ಲಿ ಗುಂಡಿ ತೋಡಲು ಜಾಗ ಕೊಡದ ಕಾರಣ ಗುಂಡಿಮಗ್ಗ ಬರಲಿಲ್ಲ. ಹಾಗಾಗಿ ‘ಕುರಿಯಿಂದ ಕಂಬಳಿಯವರೆಗೆ’ ಎಂಬ ನಮ್ಮ ಫಲಕ ನೂಲಿನವರೆಗೆ ಮಾತ್ರ ಸತ್ಯವಾಗಿತ್ತು. ಕುರಿಯೂ ಎರಡನೆಯ ದಿನ ಪಕ್ಕದ ಸಸಿ ಮಳಿಗೆಯಲ್ಲಿ ಅರ್ಧ ಟ್ರೇ ಕರಿಬೇವು ಮೇಯ್ದು ಗಡೀಪಾರಾಯಿತು. ಉಳಿದದ್ದು ಅವ್ವ ಮತ್ತು ಗಾಲಿ.

ಆ ಗಾಲಿಯನ್ನು ನಾನು ಎಷ್ಟು ಸಲ ವರ್ಣಿಸಿದೆನೋ ಲೆಕ್ಕವಿಲ್ಲ. ಅವ್ವನ ಬಲಕ್ಕೆ ದೊಡ್ಡ ಗಾಲಿ, ಎಡಕ್ಕೆ ಸಣ್ಣ ಕದಿರು, ನಡುವೆ ಮಾಲೆಹುರಿ. ಗಾಲಿ ಒಂದು ಸುತ್ತು ತಿರುಗಿದರೆ ಕದಿರು ಹತ್ತಾರು ಸುತ್ತು ತಿರುಗುತ್ತದೆ. ದೊಡ್ಡದರ ಸಾವಧಾನವೇ ಸಣ್ಣದರ ಅವಸರವಾಗುವ ಈ ಯುಕ್ತಿಯನ್ನು ವಿವರಿಸುವಾಗ ನನ್ನ ಧ್ವನಿ ತಾನಾಗಿ ಏರುತ್ತಿತ್ತು. ಜನ ತಲೆದೂಗುತ್ತಿದ್ದರು. ನಾನು ನಿಂತದ್ದು ಗಾಲಿಯ ಪಕ್ಕ, ಬಲಗಡೆ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಇನ್ನು ಪ್ರೇಕ್ಷಕರು. ಸಂಖ್ಯೆಯಲ್ಲಿ ಅಗ್ರಗಣ್ಯ ವರ್ಗ ದರಪ್ರಶ್ನಕರದು. ಲಕ್ಷಣ ಸೂತ್ರ: ದೃಷ್ಟ್ವಾ ಪೃಚ್ಛತಿ, ಪೃಷ್ಟ್ವಾ ಗಚ್ಛತಿ. ನೋಡಿ ಕೇಳುತ್ತಾನೆ, ಕೇಳಿ ಹೋಗುತ್ತಾನೆ. ಸೂತ್ರ ನನ್ನದೇ, ವ್ಯಾಕರಣದ ತಪ್ಪಿದ್ದರೆ ಅದೂ ನನ್ನದೇ. ಇವನಲ್ಲಿ ಒಳಭೇದ ಎರಡು: ಕಂಬಳಿಯ ದರ ಕೇಳಿ ‘ಅಬ್ಬಾ’ ಎನ್ನುವವನು, ಉಣ್ಣೆಯ ದರ ಕೇಳಿ ‘ಅಷ್ಟೇನಾ’ ಎನ್ನುವವನು. ಇಬ್ಬರೂ ಒಂದೇ ಮನುಷ್ಯ ಆಗಿರುವುದುಂಟು, ನಡುವೆ ಅರ್ಧ ನಿಮಿಷದ ಅಂತರ. ಅವನಿಗೆ ಲೆಕ್ಕ ಒಪ್ಪಿಸುವುದು ಕಷ್ಟ. ನಮ್ಮ ಕುರಿ ಒಂದು ಸಲದ ಕತ್ತರಿಗೆ ಕೊಡುವುದು ಅರ್ಧ ಕಿಲೋ ಮುಟ್ಟದ ಉಣ್ಣೆ. ಒಂದು ಕಂಬಳಿ ಎಂದರೆ ಒಂದಷ್ಟು ಕುರಿಗಳ ಬೆನ್ನು ಬೋಳಾಗಬೇಕು, ಆಮೇಲೆ ದಿನಗಟ್ಟಲೆ ನೂಲಬೇಕು. ಇನ್ನೊಂದು ಕಡೆ, ಉಣ್ಣೆ ಮಾರಿ ಬಂದ ದುಡ್ಡು ಕತ್ತರಿಸಿದವರ ಕೂಲಿಗೂ ಸಾಲದೆ, ಎಷ್ಟೋ ಕುರಿಗಾರರು ಅದನ್ನು ಹೊಲದ ಬದುವಿನಲ್ಲೇ ಬಿಟ್ಟು ಹೋಗುತ್ತಾರೆ. ಈಗ ಕುರಿ ಸಾಕುವುದು ಮಾಂಸಕ್ಕೆ. ರಾಯಚೂರಿನ ಕಡೆಯ ಕೆಂಗುರಿಗಂತೂ ಮೈಮೇಲೆ ಇರುವುದು ಉಣ್ಣೆಯಲ್ಲ, ಕೂದಲು. ಅದಕ್ಕೆ ಕತ್ತರಿಯ ಗೊಡವೆಯೇ ಇಲ್ಲ. ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಎಂಬ ಗಾದೆ ಇಂದಿಗೂ ನಿಜ, ಆದರೆ ಆ ಲಾಭದಲ್ಲಿ ಉಣ್ಣೆಯ ಪಾಲು ಕರಗಿ ಹೋಗಿದೆ. ಉಣ್ಣೆಗೆ ಬೆಲೆ ಇದ್ದಾಗ ಮನೆಯ ಪಡಸಾಲೆಯಲ್ಲಿ ನೂಲುತ್ತಿದ್ದರು, ಯಾರೂ ನೋಡುತ್ತಿರಲಿಲ್ಲ. ಬೆಲೆ ಹೋದ ಮೇಲೆ ಮೇಳದಲ್ಲಿ ನೂಲುತ್ತಾರೆ, ನೋಡಲು ನೂಕುನುಗ್ಗಲು. ಈ ಮಾತನ್ನು ನಾನು ಮೈಕಿನಲ್ಲಿ ಹೇಳಿದಾಗ ಯಾರೋ ಚಪ್ಪಾಳೆ ತಟ್ಟಿದರು. ಯಾಕೆ ತಟ್ಟಿದರೆಂದು ಇಂದಿಗೂ ತಿಳಿದಿಲ್ಲ.

ಎರಡನೆಯದು ಸ್ಮೃತಿಮಂತರು. ‘ನಮ್ಮಜ್ಜಿ ಮನ್ಯಾಗ ಇಂಥಾದ್ದ ಇತ್ರಿ’ ಎಂಬುದು ಇವರ ಮಂಗಲಾಚರಣೆ. ಆ ಇಂಥಾದ್ದು ಏನಾಯಿತು ಎಂದು ಕೇಳಿದರೆ ಉತ್ತರ ಮೂರು ಬಗೆ: ಅಟ್ಟದ ಮೇಲಿದೆ, ಒಲೆಗೆ ಹೋಯಿತು, ಬೆಂಗಳೂರಿನ ತಮ್ಮ ಷೋಕೇಸಿಗೆ ಒಯ್ದ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಶಾಲೆಗೆ ಹೋದ ಕಥೆಯನ್ನು ನಾಲ್ಕು ದಿನದಲ್ಲಿ ಹದಿನೇಳು ಜನ ಹೇಳಿದರು. ನನ್ನದೂ ಸೇರಿದರೆ ಹದಿನೆಂಟು. ಇವರು ನಿರುಪದ್ರವಿಗಳು. ಬಹಳ ಹೊತ್ತು ನಿಲ್ಲುತ್ತಾರೆ, ಕಣ್ಣು ಮಾತ್ರ ಎಲ್ಲೋ ಇರುತ್ತದೆ.

ಚಿತ್ರಗ್ರಾಹಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಅಜ್ಜಿ, ಒಂದ್ ನಿಮಿಷ ಹಂಗ ನಿಲ್ಲಸ್ರಿ’ ಎನ್ನುತ್ತಾರೆ. ನಿಲ್ಲಿಸಿದರೆ ಎಳೆ ಸಡಿಲಾಗಿ ಗಂಟು ಹಾಕಿಕೊಳ್ಳುತ್ತದೆ. ಚಿತ್ರದಲ್ಲಿ ಅವ್ವ ಬಲು ಚೆನ್ನಾಗಿ ನೂಲುತ್ತಿರುತ್ತಾಳೆ.

ಗಾಂಧೀಸ್ಮಾರಕ ವರ್ಗದವರು ಗಾಲಿ ಕಂಡೊಡನೆ ಚಪ್ಪಲಿ ಬಿಡುತ್ತಾರೆ. ಇವರಿಗೆ ತಿರುಗುವುದೆಲ್ಲ ಚರಕ, ಚರಕವೆಲ್ಲ ಸ್ವಾತಂತ್ರ್ಯ. ಹತ್ತಿ ಬೇರೆ, ಉಣ್ಣೆ ಬೇರೆ ಎಂದು ಹೇಳಿ ಅವರ ಭಕ್ತಿ ಕೆಡಿಸಲು ಮನಸ್ಸಾಗದೆ ನಾನು ನಂಜನಗೂಡಿನ ಹತ್ತಿರದ ಬದನವಾಳು ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದದ್ದನ್ನು ಹೇಳುತ್ತಿದ್ದೆ. ಇನ್ನೂ ನಿಂತರೆ ಬಹುಮಾನದ ಕಥೆ. 1929ರಲ್ಲಿ ಅಖಿಲ ಭಾರತ ಚರಕಾ ಸಂಘ ಹೊಸ ಚರಕ ಮಾಡಿಕೊಟ್ಟವರಿಗೆ 1 ಲಕ್ಷ ರೂಪಾಯಿ ಸಾರಿತು. ಹಳ್ಳಿಯ ಗುಡಿಸಲಲ್ಲಿ ಕೈಯಿಂದಲೋ ಕಾಲಿಂದಲೋ ನಡೆಯಬೇಕು, 8 ಗಂಟೆಗೆ 16,000 ಅಡಿ ನೂಲು ಕೊಡಬೇಕು, 150 ರೂಪಾಯಿ ಮೀರಬಾರದು ಎಂದೆಲ್ಲ ಷರತ್ತು. ಆ ಕಾಲದ ಲಕ್ಷ! ಆದರೂ ಯಾರೂ ಗೆಲ್ಲಲಿಲ್ಲ. ಕಥೆ ಕೇಳಿದ ಒಬ್ಬ ಡಿಪ್ಲೊಮಾ ಹುಡುಗ ‘ಈಗಲೂ ಅಪ್ಲೈ ಮಾಡಬಹುದಾ ಸಾರ್’ ಎಂದ. ಅವನನ್ನು ಯಾವ ವರ್ಗಕ್ಕೂ ಸೇರಿಸದೆ ಬೆನ್ನು ತಟ್ಟಿ ಕಳಿಸಿದೆ.

ಉಪದೇಶಕರು ಪ್ರಾಚೀನರು. ಗಂಡಸರೇ ಹೆಚ್ಚು. ಅವ್ವ ನೂಲುವುದನ್ನು ಒಂದು ಗಳಿಗೆ ನೋಡಿ, ಪಕ್ಕದಲ್ಲಿ ನಿಂತ ಹೆಂಡತಿಯ ಕಡೆಗೋ ಮೊಬೈಲು ಹಿಡಿದ ಮಗಳ ಕಡೆಗೋ ತಿರುಗಿ, ‘ನೋಡು, ಆಗಿನ ಕಾಲದ ಹೆಂಗಸರು ಹೆಂಗ ಇದ್ರು’ ಎನ್ನುತ್ತಾರೆ. ಇವರ ಮೂಲಪುರುಷನನ್ನು ನಾನು ಪತ್ತೆ ಹಚ್ಚಿದ್ದೇನೆ, ಅದೂ ನಮ್ಮ ನೆಲದಲ್ಲೇ. ಬಹಮನಿ ರಾಜ್ಯ ಕಲಬುರಗಿಯಲ್ಲಿ ತಲೆಯೆತ್ತಿದ ಹೊಸದರಲ್ಲಿ, 1350ರಲ್ಲಿ, ಮೊದಲ ಸುಲ್ತಾನ ಅಲಾವುದ್ದೀನ್ ಬಹಮನ್ ಶಾಹನ ಆಶ್ರಯದಲ್ಲಿ ಇಸಾಮಿ ಎಂಬ ಕವಿ ಪಾರಸಿಯಲ್ಲಿ ‘ಫುತೂಹುಸ್ಸಲಾತೀನ್’ ಎಂಬ ಕಾವ್ಯ ಮುಗಿಸಿದ. ನೂರು ವರ್ಷ ಹಿಂದೆ ದಿಲ್ಲಿಯ ಗದ್ದುಗೆ ಏರಿದ್ದ ರಜಿಯಾಳ ಪ್ರಸ್ತಾಪ ಬಂದಾಗ ಅವನಿಗೆ ತಡೆಯಲಿಲ್ಲ. ಹೆಣ್ಣಿಗೆ ಸಿಂಹಾಸನ ಸಲ್ಲ, ಚರಕದ ಮುಂದೆ ಕೂತಿರುವುದೇ ಲೇಸು ಎಂಬ ಅರ್ಥದ ಮಾತು ಹಾಕಿದ. ಭಾರತದಲ್ಲಿ ಚರಕದ ಖಚಿತ ಉಲ್ಲೇಖಗಳಲ್ಲಿ ಇದೇ ಮೊದಲಿನದು ಎಂಬುದು ಇತಿಹಾಸಕಾರ ಇರ್ಫಾನ್ ಹಬೀಬರ ವಾದ; ರೆಮ್ಮವ್ವೆಯ ರಾಟೆ ಆ ಲೆಕ್ಕದ ಹೊರಗೆ. ಅಂದರೆ ಆ ಲೆಕ್ಕದಂತೆ ನಮ್ಮ ದೇಶದ ಗ್ರಂಥಗಳಲ್ಲಿ ಚರಕ ಕಾಲಿಟ್ಟದ್ದೇ ಉಪದೇಶದ ಹೆಗಲೇರಿ. ನೂಲಿನ ಗುಣ ಹೇಗಿತ್ತು, ಗಾಲಿ ಎಷ್ಟು ದೊಡ್ಡದಿತ್ತು ಎಂದು ಇಸಾಮಿ ಒಂದು ಮಾತು ಬರೆದಿದ್ದರೆ ನಮಗೆಷ್ಟು ಉಪಕಾರವಾಗುತ್ತಿತ್ತು! ಬರೆಯಲಿಲ್ಲ. ಉಪದೇಶಕರು ಎಂದೂ ನೂಲನ್ನು ನೋಡುವುದಿಲ್ಲ.

ಚುಚ್ಚುಭೀರುಗಳು ಕಂಬಳಿಯನ್ನು ಮುಂಗೈ ಹಿಂಬದಿಯಿಂದ ಮುಟ್ಟಿ ಬೆಚ್ಚಿ ಹಿಂದೆಗೆಯುತ್ತಾರೆ. ಆಸ್ಟ್ರೇಲಿಯದ ಮೆರಿನೊ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ದಖನಿಯದು ಅದಕ್ಕಿಂತ ಬಹಳ ದಪ್ಪ. ದಪ್ಪ ಎಳೆಯ ತುದಿ ಮೈಗೆ ತಾಗಿದಾಗ ಬಾಗುವುದಿಲ್ಲ, ಹಾಗಾಗಿ ಚುಚ್ಚುತ್ತದೆ. ಅದೇ ಮೊಂಡುತನದಿಂದ ಮಳೆಯಲ್ಲಿ ನಿಂತರೂ ತಡೆಯುತ್ತದೆ, ಕಲ್ಲಿನ ಮೇಲೆ ಹಾಸಿದರೂ ಸವೆಯುವುದಿಲ್ಲ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವ ಕುಡಿದೂ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಇವರು ಪಕ್ಕದ ಮಳಿಗೆಯಲ್ಲಿ ಪಾಲಿಸ್ಟರ್ ರಗ್ಗು ನೇವರಿಸುತ್ತಿರುತ್ತಾರೆ.

ಪರೀಕ್ಷಕರು ಕಡಿಮೆ, ಆದರೆ ಒಬ್ಬ ಸಾಕು. ಮೂರನೆಯ ದಿನ ಸಫಾರಿ ತೊಟ್ಟವರೊಬ್ಬರು ‘ಇದು ಅಸಲಿ ಅನ್ನೋದಕ್ಕೆ ಏನು ಗ್ಯಾರಂಟಿ?’ ಎಂದರು. ನಾನು ಹುರುಪಿನಿಂದ ಒಂದು ಎಳೆಗೆ ಕಡ್ಡಿ ಗೀರಿ ತೋರಿಸಿದೆ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಉಣ್ಣೆ ಮುದುಡಿ, ಕರಟಿ, ಬೆಂಕಿ ದೂರ ಮಾಡಿದರೆ ತಾನೇ ಆರುತ್ತದೆ; ಉಳಿದ ಕರಿ ಗುಳಿಗೆಯನ್ನು ಉಜ್ಜಿದರೆ ಪುಡಿ. ಎಲ್ಲ ಹೇಳಿದಂತೆಯೇ ಆಯಿತು. ಆದರೆ ಉಣ್ಣೆಯೂ ಕೂದಲೂ ಒಂದೇ ಕೆರಟಿನ್ ಆದ್ದರಿಂದ ಸುಟ್ಟ ಕೂದಲಿನ ವಾಸನೆ ಶಾಮಿಯಾನ ತುಂಬಿತು, ಎದುರಿನ ಗಿರಮಿಟ್ ಅಂಗಡಿಯವನು ಸೌಟು ಹಿಡಿದುಕೊಂಡೇ ಬಂದ. ಸಫಾರಿಯವರು ‘ಅಸಲಿ’ ಎಂದು ತೀರ್ಪು ಕೊಟ್ಟು, ಏನೂ ಕೊಳ್ಳದೆ ಹೊರಟರು.

ಮಕ್ಕಳನ್ನು ವಿಂಗಡಿಸಲು ಹೋಗಿ ಸೋತೆ. ಅವರು ಸೂತ್ರ ಮುಗಿಯುವ ಮೊದಲೇ ಉಣ್ಣೆಯೊಳಗೆ ಕೈ ಹಾಕಿರುತ್ತಾರೆ. ‘ಕುರಿಗೆ ಚಳಿ ಆಗಂಗಿಲ್ಲೇನು?’ ಎಂದು ಒಂದು ಹುಡುಗಿ ಕೇಳಿದಳು. ಮತ್ತೆ ಬೆಳೆಯುತ್ತದೆ ಎಂದೆ. ‘ಬೆಳಿಯೂತನಾ?’ ಎಂದಳು. ಆ ಒಂದು ಪದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಜಿಡ್ಡಾದ ಬೆರಳುಗಳನ್ನು ಮೂಸಿ, ಫ್ರಾಕಿಗೆ ಒರೆಸಿಕೊಂಡು ಹೋದಳು.

ಮೂರನೆಯ ಸಂಜೆ ಗದ್ದಲ ಇಳಿದ ಮೇಲೆ, ಚಹಾ ಕುಡಿಯುತ್ತ, ಈ ವಿಂಗಡಣೆಯನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಎಲೆ ಅಡಿಕೆ ಮೆಲ್ಲುತ್ತ ಕೇಳಿಸಿಕೊಂಡಳು. ಸಫಾರಿಯವರ ಪ್ರಕರಣಕ್ಕೆ ನಕ್ಕಳು. ಕೊನೆಗೆ ಕೇಳಿದಳು:

‘ಇಷ್ಟ್ಯಾಕ್ರಿ ಮಾಸ್ತರ? ಇರೋದು ಎರಡ ಜಾತಿ. ಗಾಲಿ ನೋಡೋರು, ಬಟ್ಟು ನೋಡೋರು.’

ಅರ್ಥವಾಗಲಿಲ್ಲ. ‘ಬರ್ರಿ ಈ ಕಡೆ’ ಎಂದು ಎಡಗಡೆಗೆ ಕರೆದಳು. ಮೂರು ದಿನ ಬಲಗಡೆ ನಿಂತವನು ಮೊದಲ ಸಲ ಅವಳ ಎಡಕ್ಕೆ ಬಂದು ಕುಕ್ಕರಗಾಲಲ್ಲಿ ಕೂತೆ.

ಹೆಬ್ಬೆರಳು, ತೋರುಬೆರಳುಗಳ ನಡುವೆ ಹಂಜಿ. ಎಳೆಯನ್ನು ಕದಿರಿಗೆ ಓರೆಯಾಗಿ ಹಿಡಿದು ಹಿಂದಕ್ಕೆ ಒಯ್ಯುತ್ತಾಳೆ. ಕದಿರು ತಿರುಗಿದಂತೆ ಎಳೆ ಅದರ ಮೊನೆಯಿಂದ ಟಿಕ್ ಟಿಕ್ ಎಂದು ಜಾರುತ್ತದೆ. ಒಂದು ಜಾರಿಗೆ ಒಂದು ಹುರಿ. ಆ ಹುರಿ ಎಳೆಯ ಮೇಲೆ ಇರುವೆಯಂತೆ ಬೆರಳಿನ ಕಡೆ ಓಡಿ ಬರುತ್ತದೆ. ಬೆರಳು ಬಿಗಿ ಹಿಡಿದರೆ ಹುರಿ ಅಲ್ಲೇ ನಿಲ್ಲುತ್ತದೆ, ಮುಂದಿನ ಉಣ್ಣೆ ಹುರಿಯಿಲ್ಲದೆ ಕಿತ್ತು ಬರುತ್ತದೆ. ಪೂರ್ತಿ ಸಡಿಲ ಬಿಟ್ಟರೆ ಹುರಿ ಹಂಜಿಯೊಳಕ್ಕೇ ನುಗ್ಗಿ ಅದು ಹಗ್ಗದ ತುಂಡಾಗುತ್ತದೆ. ಬಿಗಿಯೂ ಅಲ್ಲ ಸಡಿಲವೂ ಅಲ್ಲದ ಆ ಸಂದಿನಲ್ಲಿ ಉಣ್ಣೆ ತೆಳ್ಳಗೆ ಜಾರುತ್ತ ಜಾರುತ್ತ, ಎಲ್ಲೋ ಒಂದು ಕಡೆ, ಅವಳ ಉಗುರಿನ ಹತ್ತಿರ, ನೂಲಾಗಿಬಿಟ್ಟಿರುತ್ತದೆ. ಒಂದು ದಪ್ಪ ಉಂಡೆ ಬಂತು. ಹೆಬ್ಬೆರಳು ಅದನ್ನು ಗುರುತಿಸಿ, ತುಸು ಹಿಮ್ಮುರಿದು, ಎಳೆದು, ನಯ ಮಾಡಿ ಬಿಟ್ಟಿತು. ಅವ್ವ ಆಗ ನನ್ನ ಮುಖ ನೋಡುತ್ತ ಮಾತಾಡುತ್ತಿದ್ದಳು. ಕೈ ಹೆಗಲಾಚೆ ಹೋಯಿತು, ಗಾಲಿ ಒಂದು ಚೂರು ಹಿಂದಕ್ಕೆ ತಿರುಗಿತು, ಎಳೆ ಕದಿರಿಗೆ ಅಡ್ಡ ನಿಂತು ಸರ್ರನೆ ಸುತ್ತಿಕೊಂಡಿತು.

‘ಗಾಲಿ ಕೂಸೂ ತಿರಗಸ್ತೈತಿ’ ಎಂದಳು.

ನಾನು ಹಂಜಿ ಹಿಡಿದು ನೋಡಿದೆ. ಮೂರು ಗೇಣು ಬಂತು: ಮೊದಲ ಗೇಣು ಸುತಳಿ, ಎರಡನೆಯದು ಜೇಡನ ಎಳೆ, ಮೂರನೆಯದು ತುಂಡಾಗಿ ಕೈಯಲ್ಲೇ ಉಳಿಯಿತು.

ಈ ಮೂರು ದಿನದಲ್ಲಿ ಬಟ್ಟು ನೋಡಿದವರು ಎಷ್ಟು ಜನ ಎಂದು ಕೇಳಿದೆ. ಅವ್ವ ಯೋಚಿಸಿ, ‘ಒಬ್ಬಾಂವ ಬಂದಿದ್ನಲ್ರಿ, ನಿನ್ನೆ, ಹಳದಿ ರುಮಾಲ್ದಾಂವ’ ಎಂದಳು. ನನಗೆ ನೆನಪಾಯಿತು. ಯಾವ ವರ್ಗಕ್ಕೂ ಸೇರದೆ ನನ್ನ ಟಿಪ್ಪಣಿಯಲ್ಲಿ ‘ಇತರೆ’ ಎಂದು ಬಿದ್ದಿದ್ದ ಮುದುಕ. ದರ ಕೇಳಲಿಲ್ಲ, ಅಜ್ಜಿಯ ನೆನಪು ತೆಗೆಯಲಿಲ್ಲ. ಎಡಗಡೆ ಬಂದು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತ. ಆಮೇಲೆ ಬಾಗಿ ಒಂದು ಚಿಟಿಕೆ ಉಣ್ಣೆ ತೆಗೆದು, ಎಳೆದು, ಮೂಸಿ, ‘ಮರಿ ಉಣ್ಣಿ ಅಂತ ಬರದೀರಿ, ಇದರಾಗ ಹಳೇದು ಬೆರಸೈತಿ’ ಎಂದು ಹೇಳಿ ಹೋಗಿದ್ದ. ನಾನು ಮೈಕಿನಲ್ಲಿ ಗಾಲಿಯ ವ್ಯಾಸ ಹೇಳುತ್ತಿದ್ದುದರಿಂದ ಅವನ ಮಾತಿಗೆ ಲಕ್ಷ್ಯ ಕೊಟ್ಟಿರಲಿಲ್ಲ.

‘ಖರೇನಾ?’ ಎಂದೆ.

‘ಖರೇ ಇದ್ದದ್ದಕ್ಕ ಸಿಟ್ಟು ಬಂತು’ ಎಂದಳು ಅವ್ವ. ಮರಿಯ ಮೊದಲ ಕತ್ತರಿಯ ಉಣ್ಣೆ ಮೆತ್ತಗೆ, ಅದನ್ನೇ ತರಬೇಕಿತ್ತು. ಸಾಲಲಿಲ್ಲ, ಮನೆಯಲ್ಲಿದ್ದ ಹಳೆಯದನ್ನು ಸೇರಿಸಿದ್ದಳು. ಇಷ್ಟು ಜನ ಹಾದುಹೋದ ಮಳಿಗೆಯಲ್ಲಿ ಅದನ್ನು ಕಂಡುಹಿಡಿದವನು ಅವನೊಬ್ಬ. ‘ಭಾಳ ಶಾಣ್ಯಾ’ ಎಂದು ಎರಡು ಸಲ ಬೈದಳು. ಬೈಗುಳದಲ್ಲಿ ಏನೋ ಒಂದು ಸಡಗರ ಇತ್ತು.

ನಾಲ್ಕನೆಯ ದಿನ ಬೆಳಗ್ಗೆ ಜನ ಸೇರುವ ಮುಂಚೆಯೇ ಹೋಗಿ, ಮೈಕಿನ ಸ್ಟ್ಯಾಂಡನ್ನು ಎತ್ತಿ ಎಡಗಡೆಗೆ ತಂದೆ. ವೈರು ಒಂದು ಮೊಳ ಸಾಲಲಿಲ್ಲ. ಎಳೆದು ನೋಡಿದೆ, ಡಬ್ಬಿ ಸರಿಸಿ ನೋಡಿದೆ, ಧ್ವನಿವರ್ಧಕದ ಹುಡುಗನನ್ನು ಕೂಗಿದೆ. ಅವನು ಬೇರೆ ವೈರು ಇಲ್ಲ ಎಂದ.

‘ಇರ್ಲಿ ಬಿಡ್ರಿ ಮಾಸ್ತರ’ ಎಂದಳು ಅವ್ವ, ಬಲು ಸಮಾಧಾನದಿಂದ, ಹಂಜಿ ಕೈಗೆತ್ತಿಕೊಳ್ಳುತ್ತ.